ಮಾರುವಾಗ ಇಲ್ಲದ ಬ್ಯಾನ್

ಗೆಳತಿಯರೇ, ಇವತ್ತು ಅರ್ಧ ಉಳಿದ ಕೀಟನಾಶಕದ ಡಬ್ಬಿ ಹಿಡಿದು ಅಥಣಿಯ ಅಂಗಡಿಗೆ ನಾನೇ ಹೋದೆ. ನಿನ್ನೆ ನಮ್ಮ ದ್ರಾಕ್ಷಿ ತೋಟಕ್ಕೆ ಅದನ್ನು ಹೊಡೆದ ಆಳು ಪರಸಪ್ಪ ತಲೆ ತಿರುಗಿ ಬಿದ್ದ. ಇನ್ನೂ ಆಸ್ಪತ್ರೆಯಲ್ಲಿದ್ದಾನೆ. ಡಬ್ಬಿ ನೋಡಿದ ಡಾಕ್ಟರು, ಇದನ್ನು ಸರ್ಕಾರ ನಿಷೇಧಿಸಿದೆ ಎಂದರು.

"ವಾಪಸ್ ತಗೋ," ಎಂದೆ.

ಅಂಗಡಿಯವನು ಡಬ್ಬಿ ಮುಟ್ಟಲೇ ಇಲ್ಲ. "ಬ್ಯಾನ್ ಆಗೇತ್ರಿ ಅವ್ವಾರ. ಅಂಗಡ್ಯಾಗ ಇಟ್ಟರ ನನ್ನ ಲೈಸನ್ಸ್ ಹೋಗತೈತಿ."

"ಮತ್ತ ಮೊನ್ನೆ ನನ್ನ ಮಗಗ ಹೆಂಗ ಕೊಟ್ಟಿ?"

"ಎಲ್ಲಾರಿಗೂ ಕೊಡಂಗಿಲ್ರಿ. ಅವರು ನಮ್ಮ ಮನಿಯವರಿದ್ದಂಗ ಅಂತ ಕೊಟ್ಟೇನ್ರಿ."

"ಪರಸಪ್ಪನೂ ನಮ್ಮ ಮನಿಯವನ ಅದಾನ. ದವಾಖಾನಿಗೆ ನಡಿ, ಈ ಮಾತು ಅವನ ಹೇಂತಿ ಮುಂದ ಹೇಳು."

ಡಬ್ಬಿಯನ್ನು ಅಂಗಡಿಯವನ ಟೇಬಲ್ಲಿನ ಮೇಲಿಟ್ಟು, ಅಲ್ಲಿಂದಲೇ ಕೃಷಿ ಅಧಿಕಾರಿಗೆ ಫೋನ್ ಮಾಡಿದೆ. ಹೊರಗೆ, ನನ್ನನ್ನು ಕರೆತಂದಿದ್ದ ಮಗ ಒರೆಸಿದ ಬೈಕನ್ನೇ ಒರೆಸುತ್ತಿದ್ದ. ತಪ್ಪು ಅವನದೂ ಇದೆ. ಪರಸಪ್ಪ ಗುಣವಾಗುವವರೆಗೆ ಎರಡು ಹೊತ್ತು ಊಟ ಒಯ್ದು, ಪಕ್ಕದಲ್ಲಿ ಕೂತು ಉಣ್ಣಿಸಿ ಬರಬೇಕೆಂದು ಹೇಳಿದ್ದೇನೆ.

ನಿಮ್ಮೂರಿನ ಅಂಗಡಿಯವನು ನಿಮ್ಮನ್ನು ಮನೆಯವರಂತೆ ಕಂಡರೆ, ಸಂತೋಷಪಡುವ ಮೊದಲು ಡಬ್ಬಿಯ ಮೇಲಿನ ಹೆಸರು ಓದಿಕೊಳ್ಳಿ.