ಭಾನುವಾರದ ಹತ್ತು ನಿಮಿಷ

ನಿಂತ ಯಂತ್ರ ಕೆಡುತ್ತದೆ. ಇಪ್ಪತ್ತೆರಡನೆಯ ವಯಸ್ಸಿನಿಂದ ನಾನು ನಂಬಿಕೊಂಡು ಬಂದ ನಿಯಮ ಇದು. ಸೇನೆಯ ವರ್ಕ್‌ಶಾಪಿನಲ್ಲಿದ್ದಾಗ ಜನರೇಟರ್‌ಗಳನ್ನು ಬೇಕಿರಲಿ, ಬೇಡದಿರಲಿ, ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕಿತ್ತು. ಸ್ವೀಡನ್ನಿಗೆ ಬಂದ ಮೇಲೆ ಮೋಲ್ನ್‌ಡಾಲ್‌ನ ಔಷಧ ಸಂಶೋಧನಾ ಕೇಂದ್ರವೊಂದರಲ್ಲಿ ನಿವೃತ್ತನಾಗುವವರೆಗೂ ನೋಡಿಕೊಂಡದ್ದು ಜನರೇಟರ್‌ಗಳನ್ನೇ, ಅದೇ ನಿಯಮದಲ್ಲಿ. ಒಂದೂ ಕೈಕೊಟ್ಟಿರಲಿಲ್ಲ.

ಆದ್ದರಿಂದ ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಬಾಡಿಗೆಗಿದ್ದ ಹುಬ್ಬಳ್ಳಿಯ ಯುವತಿ ತನ್ನ ಹಳೆಯ ಸ್ಪೋರ್ಟ್ಸ್ ಬೈಕನ್ನು ನನಗೆ ಒಪ್ಪಿಸಿ ಹೋದಾಗ, ಅದನ್ನು ಹೇಗೆ ನೋಡಿಕೊಳ್ಳಬೇಕೆಂದು ನಾನು ಯಾರನ್ನೂ ಕೇಳಲಿಲ್ಲ.

ಅದು ಎರಡು ಸಾವಿರದ ಹದಿನಾರರ ಅಕ್ಟೋಬರ್. ಅವಳು ಸಾಫ್ಟ್‌ವೇರ್ ಎಂಜಿನಿಯರ್. ಬೈಕು ತೊಂಬತ್ತರ ದಶಕದ್ದು: ಆರುನೂರು ಸಿಸಿ, ನಾಲ್ಕು ಸಿಲಿಂಡರ್, ನಾಲ್ಕು ಕಾರ್ಬ್ಯುರೇಟರ್. ಎರಡು ಬೇಸಿಗೆ ನಾವಿಬ್ಬರೂ ಸೇರಿ ಅದನ್ನು ದುರಸ್ತಿ ಮಾಡಿದ್ದೆವು. ಮುಂದಿನ ಫೋರ್ಕಿನ ಸೀಲು, ಚೈನು, ಗಟ್ಟಿಯಾಗಿ ಬಿರುಕುಬಿಟ್ಟಿದ್ದ ಬ್ರೇಕ್ ಪೈಪುಗಳು, ಎಲ್ಲ ಹೊಸದಾದವು. ಒಂದು ರಟ್ಟಿನ ಮೇಲೆ ಬೈಕಿನ ಚಿತ್ರ ಬರೆದು, ಬಿಚ್ಚಿದ ಪ್ರತಿ ಬೋಲ್ಟನ್ನೂ ಅದರದೇ ಜಾಗದಲ್ಲಿ ಚುಚ್ಚಿಡುವುದು ನನ್ನ ಪದ್ಧತಿ.

"ಅಂಕಲ್, ದೋಸಿ ತಿನ್ನೋ ಮುಂದನೂ ಅದರ ತೂತಿಗೆ ನಂಬರ್ ಹಾಕ್ತೀರೇನ್ರಿ?" ಎಂದು ಅವಳು ನಗುತ್ತಿದ್ದಳು.

ಆ ವರ್ಷ ಅವಳ ವರ್ಕ್ ಪರ್ಮಿಟ್ ಮುಂದುವರಿಯಲಿಲ್ಲ. ಮೊದಲ ವರ್ಷದ ಕೆಲವು ತಿಂಗಳು ಕಂಪನಿ ಅವಳಿಗೆ ಮಾಡಿಸಬೇಕಿದ್ದ ವಿಮೆಯೊಂದನ್ನು ಮಾಡಿಸಿರಲಿಲ್ಲ. ತಪ್ಪು ಕಂಪನಿಯದು, ದೇಶ ಬಿಡಬೇಕಾದದ್ದು ಅವಳು. ಮೇಲ್ಮನವಿಯೂ ಬಿದ್ದುಹೋಯಿತು. ಊರಿಗೆ ಹೋಗಿರು, ಹೊಸದಾಗಿ ಅರ್ಜಿ ಹಾಕಿಸಿ ಏಪ್ರಿಲ್ ಹೊತ್ತಿಗೆ ಕರೆಸಿಕೊಳ್ಳುತ್ತೇವೆ, ಎಂದಿತು ಕಂಪನಿ.

ಅವಳು ಹೊರಟ ದಿನ, ಆಯುಧಪೂಜೆಗೆಂದು ನನ್ನ ಹೆಂಡತಿ ಬೈಕಿನ ಹ್ಯಾಂಡಲಿಗೆ ಕಟ್ಟಿದ್ದ ಸೇವಂತಿಗೆ ಇನ್ನೂ ಪೂರ್ತಿ ಒಣಗಿರಲಿಲ್ಲ. ಬೆಂಗಳೂರಿನವರಾದ ನಮ್ಮ ನಡುವೆ ಹುಬ್ಬಳ್ಳಿ ಮಾತನ್ನು ಅವಳು ಸಾಮಾನ್ಯವಾಗಿ ಅದುಮಿಟ್ಟುಕೊಳ್ಳುತ್ತಿದ್ದಳು. ಖುಷಿಗೋ ದುಃಖಕ್ಕೋ ಅದು ತಾನಾಗಿ ಹೊರಬೀಳುತ್ತಿತ್ತು.

"ಏಪ್ರಿಲ್ ಮಟಾ ಇದನ್ನ ಜೀವಂತ ಇಡ್ರಿ, ಅಂಕಲ್. ಬಂದ ಮರುದಿನಾನ ಹತ್ತಿ ಹೋಗಾಕಿ ನಾನು."

"ಪ್ರತಿ ಭಾನುವಾರ ಹತ್ತಕ್ಕೆ ಸ್ಟಾರ್ಟ್ ಮಾಡ್ತೀನಿ. ಫೋನಲ್ಲಿ ನೀನೇ ಕೇಳು," ಎಂದೆ.

ಹಾಗೇ ನಡೆಯಿತು. ಒಂಬತ್ತೂ ಐವತ್ತಕ್ಕೆ ಕೈಗವಸು ಹಾಕಿಕೊಂಡು ಗ್ಯಾರೇಜಿಗೆ ಇಳಿಯುತ್ತಿದ್ದೆ. "ಹೊರಟ್ರಾ, ಮಗೂಗೆ ಹಾಲು ಕುಡಿಸೋಕೆ?" ಎಂದು ಹೆಂಡತಿ ಅಡುಗೆಮನೆಯಿಂದ ಕೆಣಕುತ್ತಿದ್ದಳು. ಚಾರ್ಜರ್ ತೆಗೆದು, ಚೋಕ್ ಎಳೆದು, ಸರಿಯಾಗಿ ಹತ್ತಕ್ಕೆ ಗುಂಡಿ ಒತ್ತುತ್ತಿದ್ದೆ. ಹುಬ್ಬಳ್ಳಿಯಲ್ಲಿ ಆಗ ಮಧ್ಯಾಹ್ನ ಎರಡೂವರೆ. ಫೋನನ್ನು ಸೈಲೆನ್ಸರ್ ಹತ್ತಿರ ಹಿಡಿದರೆ ಆಚೆಯಿಂದ ಅವಳ ಕೂಗು.

"ಆಹಾ! ಇನ್ನೊಂದಿಷ್ಟು ಓಡ್ಲಿ ಬಿಡ್ರಿ, ಅಂಕಲ್!"

"ಹತ್ತು ನಿಮಿಷ ಆಯ್ತು."

"ನಿಮ್ಮ ಗಡಿಯಾರಕ್ಕ ಬೆಂಕಿ ಹತ್ಲಿ!"

ಐದನೆಯ ಭಾನುವಾರ ಎಂಜಿನ್ ಆಯಿಲ್ ಮುಚ್ಚಳ ತೆಗೆದಾಗ ಅದರ ಒಳಮೈಯಲ್ಲಿ ಬೆಣ್ಣೆಯಂಥ ಬಿಳಿ ನೊರೆ ಅಂಟಿಕೊಂಡಿತ್ತು. ಬಟ್ಟೆಯಿಂದ ಒರೆಸಿ, ಬೈಕಿಗೆಂದೇ ಇಟ್ಟಿದ್ದ ಪುಸ್ತಕದಲ್ಲಿ 'ಮುಚ್ಚಳದಲ್ಲಿ ನೊರೆ. ಒರೆಸಿದೆ' ಎಂದು ಬರೆದೆ. ಮುಂದಿನ ವಾರವೂ ನೊರೆ, ಮುಂದಿನ ವಾರವೂ ಒರೆಸಿದೆ. ಆ ಚಳಿಗಾಲ ಒಟ್ಟು ಹದಿನಾರು ಸಲ ಅದೇ ವಾಕ್ಯ ಬರೆದಿದ್ದೇನೆ, ದುಂಡಗಿನ ಅಕ್ಷರದಲ್ಲಿ. ಯಾಕೆ ಬಂತು ಎಂದು ಒಂದು ಸಲವೂ ಕೇಳಿಕೊಂಡಿಲ್ಲ.

ಮಾರ್ಚ್ ಮೊದಲ ಭಾನುವಾರ ಎಂಜಿನ್ನಿನ ಮೇಲ್ಭಾಗದಿಂದ ಟಕಟಕ ಸದ್ದು ಶುರುವಾಯಿತು. ಅವಳಿಗೆ ಫೋನಲ್ಲಿ ಅದು ಕೇಳಿಸಲಿಲ್ಲ. ಮರುದಿನ ಆಯಿಲ್ ಇಳಿಸಿದೆ. ಹಾಲು ಹೆಚ್ಚಾದ ಚಹಾದ ಬಣ್ಣ, ಮೂಗಿಗೆ ಹೊಡೆಯುವ ಪೆಟ್ರೋಲ್ ವಾಸನೆ. ಮೇಲಿನ ಕವರ್ ಬಿಚ್ಚಿದರೆ, ವಾಲ್ವ್‌ಗಳನ್ನು ಒತ್ತುವ ಕ್ಯಾಮ್‌ಶಾಫ್ಟಿನ ಉಬ್ಬುಗಳ ಮೇಲೆಲ್ಲ ತುಕ್ಕು ತಿಂದ ಗುಳಿ. ಸಿಡುಬಿನ ಕಲೆಗಳ ಹಾಗೆ.

ಪಕ್ಕದ ಬೀದಿಯಲ್ಲೊಬ್ಬ ಬೈಕ್ ಮೆಕ್ಯಾನಿಕ್ ಇದ್ದ, ಸ್ವೀಡನ್ನಿನವನೇ. ಸಿಲಿಂಡರ್‌ಗಳ ಒತ್ತಡ ಅಳೆದು ನೋಡಿದ. ನಾಲ್ಕರಲ್ಲಿ ಎರಡು ಸತ್ತಂತೆಯೇ ಇದ್ದವು. ಈ ದೇಶದಲ್ಲಿ ಹಿರಿಯ ಕಿರಿಯ ಎಂದಿಲ್ಲ, ಎಲ್ಲರಿಗೂ ಏಕವಚನವೇ.

"ಚಳಿಗಾಲದಲ್ಲಿ ಇದನ್ನ ಸ್ಟಾರ್ಟ್ ಮಾಡ್ತಿದ್ದೆಯಾ?"

"ಪ್ರತಿ ಭಾನುವಾರ. ಒಂದನ್ನೂ ತಪ್ಪಿಸಿಲ್ಲ."

"ಎಷ್ಟು ಹೊತ್ತು?"

"ಸರಿಯಾಗಿ ಹತ್ತು ನಿಮಿಷ."

ಅವನು ಕೈ ಒರೆಸಿಕೊಂಡ. "ಹತ್ತು ನಿಮಿಷದಲ್ಲಿ ಎಂಜಿನ್ ಒಳಗೆ ನೀರು ಹನಿಗಟ್ಟುತ್ತೆ. ಅದು ಆರಿಹೋಗುವಷ್ಟು ಬಿಸಿ ಆಗೋದಿಲ್ಲ. ಚೋಕ್ ಎಳೆದಾಗ ಉರಿಯದೆ ಉಳಿದ ಪೆಟ್ರೋಲ್ ಆಯಿಲಿಗೆ ಇಳಿಯುತ್ತೆ. ಇಲ್ಲಿ ನಾವು ಅಕ್ಟೋಬರಿನಲ್ಲಿ ಹೊಸ ಆಯಿಲ್ ಹಾಕಿ, ಮುಚ್ಚಿಟ್ಟು, ವಸಂತದವರೆಗೆ ಮುಟ್ಟೋದಿಲ್ಲ. ಸೋಮಾರಿಗಳ ಬೈಕುಗಳೆಲ್ಲ ಚೆನ್ನಾಗಿವೆ."

ನನ್ನ ಜನರೇಟರ್‌ಗಳಿದ್ದದ್ದು ಬೆಚ್ಚಗಿನ ಕೋಣೆಯಲ್ಲಿ, ಎಂಜಿನ್ನಿಗೆ ಹೀಟರ್ ಕಟ್ಟಿಕೊಂಡು. ಈ ಗ್ಯಾರೇಜು ಜನವರಿಯಲ್ಲಿ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗಿತ್ತು. ಗೋಡೆಯಲ್ಲಿ ಥರ್ಮಾಮೀಟರ್ ತೂಗುಹಾಕಿದವನೂ ನಾನೇ.

ಕ್ಯಾಮ್‌ಶಾಫ್ಟ್ ಹೊಸದಾಗಿ ತಯಾರಾಗುವುದು ನಿಂತು ವರ್ಷಗಳಾಗಿದ್ದವು. ಯೋನ್‌ಶೋಪಿಂಗ್‌ನಲ್ಲಿ ಹಳೆಯದೊಂದು ಸಿಕ್ಕಿತು, ರೈಲಿನಲ್ಲಿ ಹೋಗಿ ತಂದೆ. ಸವೆದ ಸಿಲಿಂಡರ್‌ಗಳಿಗೆ ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಅವಳಿಗೆ ಮಾತ್ರ ಬ್ಯಾಟರಿ ಇಳಿದಿದೆ ಎಂದು ಎರಡು ಭಾನುವಾರ ಸುಳ್ಳು ಹೇಳಿದೆ.

ಮೂರನೆಯ ವಾರ ಅವಳೇ ಗುರುವಾರ ಫೋನ್ ಮಾಡಿದಳು. ಕಂಪನಿ ಅವಳ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಿತ್ತು. ಅರ್ಜಿ ಹಾಕುವುದಿಲ್ಲವೆಂದು ಎರಡು ಸಾಲಿನ ಇಮೇಲ್ ಬಂದಿತ್ತು.

"ಬೈಕ್ ಮಾರಿಬಿಡ್ರಿ, ಅಂಕಲ್. ಮಾರೋಕಿಂತ ಮೊದಲ ಒಂದ್ ಸಲ ಕೇಳಸ್ರಿ, ಸಾಕು."

ಇನ್ನು ಹೇಳದೆ ದಾರಿಯಿರಲಿಲ್ಲ. ನೊರೆ, ಗುಳಿ, ಮೆಕ್ಯಾನಿಕ್ ಹೇಳಿದ್ದು, ನನ್ನ ಸುಳ್ಳು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ವರದಿ ಒಪ್ಪಿಸಿದ ಹಾಗೆ. ಆಚೆ ಯಾವುದೋ ಆಟೋದ ಹಾರ್ನ್ ಕೇಳಿಸಿತು.

"ವಾರಾ ವಾರಾ ಫೋನ್ ಹಿಡ್ಕೊಂಡು ಕುಣದಾಕಿ ನಾನ ಅಲ್ಲೇನ್ರಿ," ಎಂದಳು ಕೊನೆಗೆ. "ಇಬ್ಬರೂ ಕೂಡೇ ಕೊಂದ್ವಿ."

"ತಪ್ಪು ನನ್ನದಮ್ಮ."

"ಇರ್ಲಿ ಬಿಡ್ರಿ. ಬಂದು ಹತ್ತಾಕಿಯರ ಎಲ್ಲಿದ್ದೆ ನಾನು. ಆಂಟಿಗೆ ಕೇಳಿದೆ ಅಂತ ಹೇಳ್ರಿ."

ಭಾನುವಾರ ಹತ್ತಕ್ಕೆ ಫೋನ್ ಬರಲಿಲ್ಲ. ಆಮೇಲೂ ಬರಲಿಲ್ಲ.

ಬೈಕು ಬಿಡಿಯಾಗಿ ಹೋಯಿತು. ಮಾಲ್ಮೋದಿಂದ ಬಂದ ಒಬ್ಬಾತ ಚಕ್ರಗಳನ್ನು, ಟ್ಯಾಂಕನ್ನು, ಫೋರ್ಕನ್ನು ತೆಗೆದುಕೊಂಡ. ಎಂಜಿನ್ನನ್ನು ಸುಮ್ಮನೆ ಕೊಡುತ್ತೇನೆಂದರೂ ಒಲ್ಲೆ ಎಂದ. ಅದನ್ನು ಗ್ಯಾರೇಜಿನ ಮೇಜಿನ ಮೇಲಿಟ್ಟು, ಒಳಗೆ ಧೂಳು ಬೀಳದಂತೆ ಅದರ ನಾಲ್ಕೂ ಬಾಯಿಗಳಿಗೆ ಶುಭ್ರವಾದ ಬಟ್ಟೆ ತುರುಕಿದೆ.

"ಇನ್ಯಾಕ್ರೀ ಅದಕ್ಕೆ ಬಟ್ಟೆ?" ಎಂದಳು ಹೆಂಡತಿ.

"ಬಿಚ್ಚಿದ ಎಂಜಿನ್ನಿಗೆ ಹಾಗೆ ಮಾಡಬೇಕು, ಅದು ನಿಯಮ," ಎಂದೆ.