ಪಕ್ಕದೂರಿಗೆ ಹೋದ ಬಲಗೈ

ಮಿರ್ಲೆಯ ಧರ್ಮೇಂದ್ರನಿಗೆ ತಾನು ಕೀಬೋರ್ಡ್ ವಾದಕ ಎಂಬುದರಲ್ಲಿ ಯಾವ ಅನುಮಾನವೂ ಇಲ್ಲ. ಅನುಮಾನವೆಲ್ಲ ಕೇಳುವವರಿಗೆ. ನಮ್ಮ ಆರ್ಕೆಸ್ಟ್ರಾದಲ್ಲಿ ಅವನು ನುಡಿಸುವುದು ಪಿಯಾನೊ ಎಂದು ನಾನು ಮೈಕಿನಲ್ಲಿ ಹೇಳಿದ ಮೇಲಷ್ಟೇ ಜನಕ್ಕೆ ತಿಳಿಯುತ್ತಿತ್ತು. ನಾನು ನಿರೂಪಕ. ನನ್ನ ಹಾಸ್ಯಕ್ಕೆ ಇದುವರೆಗೆ ನಕ್ಕವರು ಅಡುಗೆ ಭಟ್ಟರು ಮಾತ್ರ, ಅದೂ ತಮ್ಮತಮ್ಮಲ್ಲಿನ ಬೇರೆ ಮಾತಿಗೆ.

ಇಯರ್‌ಫೋನಿನಲ್ಲಿ ಗಂಟೆಯಂತಿದ್ದ ಅವನ ಪಿಯಾನೊ, ಸ್ಪೀಕರಿಗೆ ಬಂದೊಡನೆ ಗೋಡೆಯಾಚೆ ಯಾರೋ ಒನಕೆ ಕುಟ್ಟಿದಂತೆ ದುಮ್ ದುಮ್ ಎನ್ನುತ್ತಿತ್ತು. ಧರ್ಮೇಂದ್ರ ಮಾಡದ ಚಿಕಿತ್ಸೆಯಿಲ್ಲ. ಸ್ಪೀಕರಿನ ಕೆಳಗೆ ಹೊಗೆಸೊಪ್ಪಿನ ಬೇಲು ಇಟ್ಟ. ಅದರ ಮುಖಕ್ಕೆ ಹೆಂಡತಿಯ ವಾಯಿಲ್ ಸೀರೆ ಹೊದಿಸಿದ. ಪೆನ್‌ಡ್ರೈವಿನಲ್ಲಿ ಜರ್ಮನಿಯ ಪಿಯಾನೊ ದನಿ ತಂದು ತುಂಬಿದ. ಜರ್ಮನಿಯದೂ ಮಿರ್ಲೆಗೆ ಬಂದು ಒನಕೆ ಹಿಡಿಯಿತು.

"ಜನಗಳ ಕಿವೀನೇ ಸರಿ ಇಲ್ಲ ಬುಡ್ಲಾ," ಎಂದ.

ಆರ್ಕೆಸ್ಟ್ರಾದ ಒಡತಿ, ಗಾಯಕಿ ಶಾಂತಲಾ ತಪ್ಪನ್ನು ಜನರ ಕಿವಿಯ ಮೇಲೆ ಹೊರಿಸಲು ಬಿಡುವವಳಲ್ಲ. "ಧರ್ಮಣ್ಣ, ಈ ರಿಸೆಪ್ಶನ್‌ನಲ್ಲೂ ಇಂಗೇ ಕೇಳ್ಸುದ್ರೆ, ಮುಂದಿನ್ ಪ್ರೋಗ್ರಾಮ್‌ಗೆ ಕೆ.ಆರ್. ನಗರದೋರ್ನ ಕೂರುಸ್ತೀನಿ ಕಣಣ್ಣ."

ರಿಸೆಪ್ಶನ್ನಿನ ಸಂಜೆಯೂ ಎಂದಿನಂತೆ ಮೈಕ್‌ಸೆಟ್ ಸಣ್ಣಯ್ಯನದೇ. ಮದುವೆಯೆಂದರೆ ನಮ್ಮಲ್ಲಿ ಒಂದು ಸ್ಪೀಕರ್ ವೇದಿಕೆಗೆ, ಒಂದು ಹಾರ್ನ್ ತೆಂಗಿನ ಮರಕ್ಕೆ. ಹಾರ್ನಿನ ಬಾಯಿ ಪಕ್ಕದೂರಿನ ಕಡೆಗೆ. ಅವರಿಗೂ ಕೇಳಿಸದಿದ್ದರೆ ಅದೆಂಥ ಮದುವೆ?

ರಿಹರ್ಸಲ್ ನಡೆಯುವಾಗ ಎಲೆಅಡಿಕೆಗೆಂದು ನಾನು ಪಕ್ಕದೂರಿಗೆ ಹೋದೆ. ಅಂಗಡಿಯ ಚೆಲುವಯ್ಯ ಆಕಾಶ ತೋರಿಸಿ, "ಯಾವನ್ ಸಾ ಅವ್ನು? ನಿಮ್ಮೂರ್ ಮದ್ವೆಲೆಲ್ಲ ಬರೀ ಟಿಣ್ ಟಿಣ್ ಅಂತ ಕುಕ್ತಾನಲ್ಲ!" ಎಂದ. ಕಿವಿಗೊಟ್ಟೆ. ದುಮ್ ಇಲ್ಲವೇ ಇಲ್ಲ. ಧರ್ಮೇಂದ್ರನ ಎಡಗೈ ಮಿರ್ಲೆಯಲ್ಲಿತ್ತು, ಬಲಗೈ ಇಲ್ಲಿಗೆ ಬಂದಿತ್ತು!

ಓಡಿಬಂದು ವಿಚಾರಿಸಿದರೆ ಸಣ್ಣಯ್ಯ ಕೆರಳಿದ. "ಕೀಬೋರ್ಡ್‌ಗೆ ಎಲ್ಡು ತೂತು. ನಂತಾವು ಎಲ್ಡು ಸ್ಪೀಕರು. ಎಡದ್ದು ನಮ್ಮೂರ್ಗೆ, ಬಲದ್ದು ಆ ಊರ್ಗೆ. ಇನ್ನೆಂಗೆ ಅಂಚ್ಲಿ?"

ಪಿಯಾನೊದ ತಗ್ಗು ದನಿ ಹೆಚ್ಚಾಗಿ ಎಡತೂತಿನಿಂದಲೂ ಏರು ದನಿ ಬಲತೂತಿನಿಂದಲೂ ಹೊರಡುತ್ತದೆ. ಎಡಕ್ಕೊಂದೇ ವೈರ್ ಸಿಕ್ಕಿಸಿದರೆ ಎರಡೂ ಕೂಡಿ ಬರುತ್ತವೆ. ಹಾಗೆಂದು ತೂತಿನ ಪಕ್ಕದಲ್ಲೇ ಅಚ್ಚಾಗಿದೆ. ವಾದಕ ಓದಿರಲಿಲ್ಲ. ನಾನಂತೂ ಅದರ ಮೇಲೆಯೇ ಎಲೆಚೀಲ ಇಡುತ್ತಿದ್ದೆ.

ಬಲದ ವೈರ್ ಕಿತ್ತೆ. ಎಡದ್ದೊಂದನ್ನೇ ಸಣ್ಣಯ್ಯ ಎರಡು ಸ್ಪೀಕರಿಗೂ ಹಂಚಿದ. ಮೊದಲ ಹಾಡಿಗೇ ಪಿಯಾನೊ ತೊಳೆದಿಟ್ಟ ಹಿತ್ತಾಳೆಯಂತೆ ಹೊಳೆಯಿತು. ಒಂದೊಂದು ಸ್ವರವೂ ಸ್ಪಷ್ಟ. ಒಂದು ಬಿಟ್ಟು ಒಂದು ತಪ್ಪು. ಇಷ್ಟು ಕಾಲ ಪಕ್ಕದೂರು ಸಹಿಸಿಕೊಂಡಿದ್ದ ತಪ್ಪುಗಳೆಲ್ಲ ಒಂದೇ ಸಂಜೆ ತವರಿಗೆ ಮರಳಿದವು. ಇಯರ್‌ಫೋನಿನಲ್ಲಿ ತನ್ನನ್ನೇ ಕೇಳಿ ತಲೆದೂಗುತ್ತಿದ್ದವನು ಈಗಲೂ ತಲೆದೂಗುತ್ತಿದ್ದ. ವರ ಮಾತ್ರ ಕಿವಿ ಮುಚ್ಚಿಕೊಂಡ.

ಶಾಂತಲಾ ಮೈಕ್ ಆಫ್ ಮಾಡಿ, "ಪಿಯಾನೊ ಸರಿಹೋಯ್ತು ಕಣಣ್ಣ," ಎಂದಳು. "ಇನ್ ಬಾರ್ಸೋರ್ನ ಉಡುಕ್ಬೇಕು."

ಮುಂದಿನ ಕಾರ್ಯಕ್ರಮಕ್ಕೆ ಕೆ.ಆರ್. ನಗರದವನು ಬಂದ, ಸೊಗಸಾಗಿ ನುಡಿಸಿದ. ಧರ್ಮೇಂದ್ರ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದ. ನಾನು ಹೋದೊಡನೆ ಮುಖ ಸಿಂಡರಿಸಿದ.

"ಆ ವೈರ್ ಕಿತ್ತು ಸಂಗೀತಾನೇ ಕೆಡುಸ್ಬುಟ್ಟೆ ಕಣ್ಲಾ. ಮೊದ್ಲು ಎಷ್ಟ್ ಗಂಭೀರವಾಗಿತ್ತು, ದುಮ್ ದುಮ್ ಅಂತ!"