ನಾಲ್ಕು ಬೆರಳು ಎಡಕ್ಕೆ

ನಮ್ಮಣ್ಣನನ್ನು ದಡದಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು ಗಳದಣ್ಣ. ನಮ್ಮ ಪುಟ್ಟ ಅಲ್ಯೂಮಿನಿಯಂ ದೋಣಿಯ ಮೂತಿಯಲ್ಲಿ ಹಲಗೆ ಹಾಕಿಕೊಂಡು ಕೂತು, ಬಿದಿರು ಗಳವನ್ನು ನೀರಿಗಿಳಿಸಿ ‘ಆಳುದ್ದ’, ‘ಸೊಂಟದುದ್ದ’, ‘ನಿಧಾನ, ಬಂಡೆ’ ಎಂದು ಕೂಗುವುದು ಅವನ ಕೆಲಸ. ಹಿಂದೆ ಕೂತು ಮೋಟಾರು ಓಡಿಸುವುದು ನನ್ನದು. ಹತ್ತೊಂಬತ್ತು ವರ್ಷ ಹಿನ್ನೀರಿನ ಆಚೆ ಈಚೆ ಜನರನ್ನು ಸಾಗಿಸಿದೆವು. ಒಂದು ದಿನವೂ ತಳ ತಾಗಿಸಲಿಲ್ಲ. ಹೊಗಳಿಕೆಯೆಲ್ಲ ಮೋಟಾರಿನವನಿಗೆ, ಅಂದರೆ ನನಗೆ. ನಾನೂ ಬೇಡ ಅನ್ನಲಿಲ್ಲ.

ಗಳ ಹಾಕಬೇಕಾದರೆ ನಿಧಾನ ಹೋಗಬೇಕು. ನನಗೋ ಅವಸರದ ಬುದ್ಧಿ. ಆಳ ತೋರಿಸುವ ಯಂತ್ರ ತಂದೆ. ಅದರ ಪರದೆ ನನ್ನ ಮುಂದೆ. ಸದ್ದು ಕಳಿಸಿ ತಳ ಎಷ್ಟು ಕೆಳಗಿದೆ ಎಂದು ತಿಳಿಯುವ, ಸಾಬೂನಿನಷ್ಟು ದೊಡ್ಡ ಕರಿ ಸೆನ್ಸರ್ ದೋಣಿಯ ಹಿಂಬದಿಯಲ್ಲಿ, ನೀರೊಳಗೆ.

ನೀರಿನ ಮಟ್ಟದ ಕೆಳಗೆ ತಗಡು ಕೊರೆಯಲು ಧೈರ್ಯ ಬರಲಿಲ್ಲ. ಮೇಲೆ ಬೋಲ್ಟು ಹಾಕಿ ಮರದ ತುಂಡೊಂದನ್ನು ಕೂರಿಸಿ, ಅದಕ್ಕೆ ಸೆನ್ಸರ್ ಬಿಗಿಯೋಣ ಎಂದುಕೊಂಡೆ. ಸರಿಯಾದ ಮರ ಸಿಗಲಿಲ್ಲ. ಅಣ್ಣ ತಾನು ಕೂರುತ್ತಿದ್ದ ಹಲಗೆಯನ್ನೇ ತೆಗೆದು ಗರಗಸ ಹಿಡಿದ. ನೀರಲ್ಲಿ ಪಳಗಿದ ಮರ, ಬಿರಿಯಲ್ಲ ಅಂದ. ಒಳ್ಳೆಯದಾಯ್ತು ಅಂದುಕೊಂಡೆನೇ ಹೊರತು, ನಾಳೆ ಅವನು ಎಲ್ಲಿ ಕೂರುತ್ತಾನೆ ಎಂದು ಹೊಳೆಯಲಿಲ್ಲ. ನನ್ನ ತಲೆಯಲ್ಲಿ ಮಣ್ಣು ತುಂಬಿತ್ತು.

“ತಮ್ಮಾ, ತಳದ ರಿವೆಟ್ ಸಾಲಿನ ನೇರಕ್ಕೆ ಬೇಡ. ಓಡುವಾಗ ಅಲ್ಲಿ ನೊರೆ ಏಳುತ್ತೆ. ನಾಲ್ಕು ಬೆರಳು ಎಡಕ್ಕೆ ಹಾಕು.”

ನನಗೆ ರೇಗಿತು. “ಗಳ ಹಿಡಿಯೋನಿಗೆ ಮಿಷಿನ್ ವಿಷಯ ಯಾಕೆ? ಸುಮ್ನಿರು” ಅಂದುಬಿಟ್ಟೆ. ದೋಣಿಗೆ ಕಾಯುತ್ತಿದ್ದವರು ನಕ್ಕರು. ಅವನೂ ನಕ್ಕ. ಬಿಗಿಯುವಾಗ ಸ್ಪ್ಯಾನರ್ ಎತ್ತಿಕೊಟ್ಟ.

ಮರುದಿನ ಅವನು ಬರಲಿಲ್ಲ. ಐಸ್ ಕಾರ್ಖಾನೆಯ ಗೇಟು ಕಾಯುವ ಕೆಲಸಕ್ಕೆ ಸೇರಿಕೊಂಡ. ಒಂದು ಮಾತು ಕರೆಯಬಾರದೇ ಎಂದು ಅತ್ತಿಗೆ ಕೇಳಿದರು. ಬೇಕಾದರೆ ಅವನೇ ಬರಲಿ ಎಂದು ನಾನು ಬಿಗಿದುಕೊಂಡು ಕೂತೆ.

ವಾರದೊಳಗೆ ಯಂತ್ರ ಕೈಕೊಟ್ಟಿತು. ದೋಣಿ ವೇಗ ಹಿಡಿದರೆ ಸಾಕು, ಪರದೆಯಲ್ಲಿ ಅಂಕಿ ಮಾಯ. ರಿವೆಟ್ ತಲೆಗಳಿಂದ ಎದ್ದ ನೊರೆ ಸೆನ್ಸರನ್ನು ಮುತ್ತುತ್ತಿತ್ತು. ಯಾರೂ ಇಲ್ಲದ ಒಂದು ಮಧ್ಯಾಹ್ನ ಅದನ್ನು ಬಿಚ್ಚಿ, ಅದೇ ಹಲಗೆಯಲ್ಲಿ ನಾಲ್ಕು ಬೆರಳು ಎಡಕ್ಕೆ ಕೂರಿಸಿದೆ. ಹಳೆಯ ಎರಡು ತೂತಿಗೆ ಬಿಳಿ ಸೀಲೆಂಟ್ ಮೆತ್ತಿದೆ. ಅಂಕಿ ಸರಿಹೋಯಿತು. ಅಣ್ಣನಿಗೆ ಹೇಳಲಿಲ್ಲ.

ಎರಡು ವರ್ಷದ ಮೇಲೆ, ಮೊನ್ನೆ, ಆಚೆ ದಡದಲ್ಲಿರುವ ಮಗಳ ಮನೆಗೆ ಹೋಗಲು ಅವನು ಬಂದ. ಹತ್ತುವ ಮುಂಚೆ ದೋಣಿಯ ಹಿಂಬದಿ ಬಗ್ಗಿ ನೋಡಿದ. ಬಿಳಿ ತೂತುಗಳ ಪಕ್ಕ ಬೆರಳಿಟ್ಟು ಅಳೆದ.

“ಈಗ ನೊರೆ ಬರಲ್ಲ ತಾನೇ?”

“ಇಲ್ಲ.”

ನೀನು ಹೇಳಿದ್ದೇ ಸರಿ, ಬಾ ಅಣ್ಣ ಅನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ನಾನು ದೋಣಿಯ ಹಗ್ಗ ಬಿಚ್ಚತೊಡಗಿದೆ. ಮೂತಿಯ ಜಾಗ ಖಾಲಿಯೇ ಇತ್ತು. ಅವನು ಅತ್ತ ನೋಡಲಿಲ್ಲ. ಪ್ರಯಾಣಿಕರಿಗೆಂದು ಇಟ್ಟ ಲೈಫ್ ಜಾಕೆಟ್‌ಗಳಲ್ಲಿ ಒಂದನ್ನು ಎತ್ತಿಕೊಂಡ. ಹತ್ತೊಂಬತ್ತು ವರ್ಷ ಅದನ್ನು ಒಮ್ಮೆಯೂ ಮುಟ್ಟಿರದ ನನ್ನಣ್ಣ, ಬಕಲ್ ಹಾಕಿಕೊಂಡು ನಡುವಿನ ಬೆಂಚಿನಲ್ಲಿ ಬೇರೆಯವರ ಪಕ್ಕ ಕೂತ.